ಟೊಂಕ ಹಿಡಿದಾಗ: ಮನೆಯಲ್ಲಿ ಏನು ಮಾಡಬೇಕು, ಆಸ್ಪತ್ರೆಗೆ ಯಾವಾಗ ಓಡಬೇಕು

ಜುಮಾ ನಮಾಜ್ ಮುಗಿದ ಮೇಲೆ ನಮ್ಮ ಬಳಿ ಬರುವ ಪ್ರಶ್ನೆಗಳಲ್ಲಿ ಒಂದು ವರ್ಷವಿಡೀ ಬರುತ್ತಲೇ ಇರುತ್ತದೆ. "ಹಜರತ್, ಟೊಂಕ ಹಿಡದೈತ್ರಿ, ಸಜ್ದಾಕ್ಕ ಬಗ್ಗಾಕ ಆಗವಲ್ದು. ಕುರ್ಚಿ ಮ್ಯಾಲೆ ನಮಾಜ್ ಮಾಡಬಹುದೇನ್ರಿ?" ಅದರ ಬೆನ್ನಿಗೇ ಇನ್ನೊಂದು ಮಾತು: "ಒಂದ್ ದಮ್ ಮಾಡಿಬಿಡ್ರಿ."

ನಮಾಜಿನ ಪ್ರಶ್ನೆಗೆ ಉತ್ತರ ಸುಲಭ. ಅದನ್ನು ಮುಂದೆ ಹೇಳಿದ್ದೇವೆ. ದುಆ ಓದಿ ದಮ್ ಮಾಡುವುದಕ್ಕೂ ನಾವು ಇಲ್ಲ ಎನ್ನುವುದಿಲ್ಲ. ಆದರೆ ಬಂದವರ ಮುಖದಲ್ಲಿ ಕಾಣುವ ಚಿಂತೆ ಬೇರೆಯೇ ಇರುತ್ತದೆ. ಮಣಿ ಸರಿದಿದೆಯೇ? ಆಪರೇಷನ್ ಬೇಕಾದೀತೇ? ಎಷ್ಟು ದಿನ ದುಡಿಮೆ ಬಿಟ್ಟು ಕೂರಬೇಕು? ದಿನಗೂಲಿಯ ಮೇಲೆ ನಡೆಯುವ ಮನೆಗೆ ಇದು ಒಲೆ ಹೊತ್ತುವ, ಹೊತ್ತದಿರುವ ಪ್ರಶ್ನೆ.

ನಮ್ಮ ಜಮಾಅತಿನ ದುಡಿಮೆಯೇ ಟೊಂಕದ ಮೇಲೆ ನಿಂತಿದೆ. ಗದಗ ಎಪಿಎಂಸಿಯಲ್ಲಿ ಶೇಂಗಾ, ಉಳ್ಳಾಗಡ್ಡಿ, ಹೆಸರಿನ ಚೀಲ ಹೊರುವ ಹಮಾಲರು, ಬೆಟಗೇರಿಯ ಮಗ್ಗದ ಮುಂದೆ ದಿನವೆಲ್ಲ ಕೂರುವವರು, ಲಕ್ಷ್ಮೇಶ್ವರ, ಶಿರಹಟ್ಟಿಯ ಗೌಂಡಿಗಳು, ಹತ್ತಿ ತುಂಬಿ ಗಾದಿ ಹೊಲಿಯುವ ಪಿಂಜಾರ ಮನೆಗಳು, ಮುಂಡರಗಿ ಕಡೆಯಿಂದ ಲಾರಿಗೆ ಮಾಲು ತುಂಬುವ ಹುಡುಗರು, ಶಾದಿ ಮನೆಯಲ್ಲಿ ದೇಗ್ ಇಳಿಸುವ ಬಾವರ್ಚಿಗಳು. ಮನೆಯಲ್ಲಿ ನೀರಿನ ಕೊಡ ಎತ್ತುವ, ಬಗ್ಗಿ ಕಸ ಗುಡಿಸುವ, ಕೂಸನ್ನು ಸೊಂಟದ ಮೇಲೆ ಹೊರುವ ಅಕ್ಕ-ತಂಗಿಯರನ್ನು ಈ ಲೆಕ್ಕದಿಂದ ಬಿಡುವಂತಿಲ್ಲ.

ನಾವು ವೈದ್ಯರಲ್ಲ. ವೈದ್ಯಶಾಸ್ತ್ರ ಇಂದು ಒಪ್ಪಿರುವ ಸಂಗತಿಗಳನ್ನು ಮನೆಮಂದಿಗೆ ತಿಳಿಯುವಂತೆ ಇಲ್ಲಿ ಜೋಡಿಸಿದ್ದೇವೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಭಾರ ಎತ್ತಿದಾಗ ಹಿಡಿದ ಟೊಂಕ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಅದಕ್ಕೆ ಬೇಕಾದದ್ದು ಹಾಸಿಗೆಯಲ್ಲ, ಹದವಾದ ಓಡಾಟ. ಆದರೆ ಕೆಲವು ಲಕ್ಷಣ ಕಂಡರೆ ಒಂದು ದಿನವೂ ಕಾಯಬಾರದು.

ಒಳಗೆ ಆಗಿರುವುದೇನು?

ಬೆನ್ನಿನ ಕೆಳಭಾಗದಲ್ಲಿ 5 ದೊಡ್ಡ ಮಣಿಗಳಿವೆ. ಅವುಗಳ ಎರಡೂ ಪಕ್ಕದಲ್ಲಿ ಹಗ್ಗದಂತೆ ಉದ್ದಕ್ಕೆ ಹಬ್ಬಿದ ಸ್ನಾಯುಗಳಿವೆ. ನಾವು ಬಗ್ಗಿದಾಗ ಮೈ ಮುಂದಕ್ಕೆ ಬೀಳದಂತೆ ಹಿಡಿಯುವುದು, ಮತ್ತೆ ಎತ್ತಿ ನಿಲ್ಲಿಸುವುದು ಈ ಸ್ನಾಯುಗಳ ಕೆಲಸ. ತಾಳಿಕೆಗೆ ಮೀರಿ ಜಗ್ಗಿದಾಗ ಅವುಗಳ ಎಳೆಗಳು ಅಲ್ಲಲ್ಲಿ ಹಿಗ್ಗುತ್ತವೆ ಅಥವಾ ಸಣ್ಣದಾಗಿ ಹರಿಯುತ್ತವೆ. ಇದನ್ನೇ ನಮ್ಮ ಕಡೆ ಟೊಂಕ ಉಳುಕಿತು, ಚಳಕು ಹಿಡಿಯಿತು ಎನ್ನುವುದು. ಆಗ ಸುತ್ತಲಿನ ಸ್ನಾಯುಗಳು ಗಟ್ಟಿಯಾಗಿ ಬಿಗಿದುಕೊಳ್ಳುತ್ತವೆ. ಪೆಟ್ಟಾದ ಜಾಗ ಇನ್ನಷ್ಟು ಅಲುಗದಿರಲಿ ಎಂದು ದೇಹವೇ ಹಾಕುವ ಬಿಗಿ ಅದು. ಹಲವರಲ್ಲಿ ಹರಿದ ಎಳೆಗಿಂತ ಈ ಬಿಗಿಯೇ ಹೆಚ್ಚು ನೋಯುತ್ತದೆ. ಆದ್ದರಿಂದ ನೋವು ಜೋರಾಗಿದೆ ಎಂದ ಮಾತ್ರಕ್ಕೆ ಪೆಟ್ಟು ದೊಡ್ಡದು ಎಂದು ತಿಳಿಯಬೇಕಾಗಿಲ್ಲ.

ಹಗುರ ವಸ್ತುವಿಗೂ ಟೊಂಕ ಏಕೆ ಹಿಡಿಯುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ಬೆನ್ನಿನ ಸ್ನಾಯು ಬೆನ್ನೆಲುಬಿನ ನಡುವಿನಿಂದ ಸುಮಾರು 5 ಸೆಂಟಿಮೀಟರ್ ಹಿಂದಿದೆ. 10 ಕಿಲೋ ತೂಕವನ್ನು ಕೈ ಚಾಚಿ 50 ಸೆಂಟಿಮೀಟರ್ ಮುಂದೆ ಹಿಡಿದರೆ, ತಕ್ಕಡಿಯ ನ್ಯಾಯದಂತೆ ಆ ಸ್ನಾಯು ಹತ್ತು ಪಟ್ಟು, ಅಂದರೆ 100 ಕಿಲೋದಷ್ಟು ಬಲದಿಂದ ಜಗ್ಗಬೇಕಾಗುತ್ತದೆ. ನಮ್ಮ ಮೈಯ ಭಾರ ಇದರ ಮೇಲೆ ಬೇರೆ. ಅದೇ ತೂಕವನ್ನು ಹೊಟ್ಟೆಗೆ ಒತ್ತಿ ಹಿಡಿದರೆ ಈ ಜಗ್ಗಾಟ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ತುಂಬಿದ ಅಡುಗೆ ಅನಿಲದ ಸಿಲಿಂಡರ್ ಸುಮಾರು 30 ಕಿಲೋ, ಸಿಮೆಂಟಿನ ಚೀಲ 50 ಕಿಲೋ. ಬಗ್ಗಿ, ಕೈ ಚಾಚಿ, ಮೇಲಾಗಿ ಪಕ್ಕಕ್ಕೆ ತಿರುಗುತ್ತ ಎತ್ತಿದರೆ ಟೊಂಕದ ಮೇಲೆ ಏನು ಬೀಳುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಿ.

ಸ್ನಾಯುವಿನ ನೋವು ಎಂದು ಗುರುತಿಸುವುದು ಹೇಗೆ?

ಭಾರ ಎತ್ತುವಾಗ, ತಿರುಗುವಾಗ, ಕಾಲು ಜಾರಿದಾಗ ಥಟ್ಟನೆ ಹಿಡಿಯುತ್ತದೆ, ಇಲ್ಲವೇ ಮಾರನೆಯ ದಿನ ಎದ್ದಾಗ ಬಿಗಿದಿರುತ್ತದೆ. ನೋವು ಟೊಂಕದ ಒಂದು ಪಕ್ಕ ಅಥವಾ ಎರಡೂ ಪಕ್ಕ ಇರುತ್ತದೆ. ಕುಂಡಿಯವರೆಗೆ, ಕೆಲವೊಮ್ಮೆ ತೊಡೆಯ ಮೇಲ್ಭಾಗದವರೆಗೆ ಬರಬಹುದು, ಮೊಣಕಾಲು ದಾಟುವುದು ಅಪರೂಪ. ಒತ್ತಿದರೆ ಆ ಜಾಗ ನೋಯುತ್ತದೆ. ಬಗ್ಗಿದರೆ, ಎದ್ದರೆ, ಮಗ್ಗಲು ಬದಲಿಸಿದರೆ ಹೆಚ್ಚಾಗುತ್ತದೆ. ಯಾವುದಾದರೂ ಒಂದು ಭಂಗಿಯಲ್ಲಿ ಮಲಗಿದರೆ ಹಗುರಾಗುತ್ತದೆ. ಜ್ವರವಿಲ್ಲ, ಕಾಲಿನ ಶಕ್ತಿ ಕುಗ್ಗಿಲ್ಲ, ಮೂತ್ರ-ಮಲ ಎಂದಿನಂತಿದೆ. ಇಷ್ಟಿದ್ದರೆ ಅದು ಸ್ನಾಯುವಿನ ನೋವಾಗಿರುವ ಸಂಭವವೇ ಹೆಚ್ಚು.

ಟೊಂಕದ ನೋವೆಲ್ಲ ಉಳುಕಲ್ಲ

ನೋವು ಕುಂಡಿಯಿಂದ ಮೊಣಕಾಲು ದಾಟಿ ಪಾದದವರೆಗೆ ಕರೆಂಟು ಹೊಡೆದಂತೆ ಇಳಿದರೆ, ಜುಮುಗುಟ್ಟಿದರೆ, ಕೆಮ್ಮಿದಾಗ ಹೆಚ್ಚಾದರೆ, ಮಣಿಗಳ ನಡುವಿನ ಡಿಸ್ಕ್ ನರವನ್ನು ಒತ್ತುತ್ತಿರಬಹುದು. ಇದನ್ನು ಸಯಾಟಿಕಾ ಎನ್ನುತ್ತಾರೆ. ಇದೂ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆ ಇಲ್ಲದೆ ಇಳಿಯುತ್ತದೆ. ಆದರೂ ವೈದ್ಯರು ಒಮ್ಮೆ ನೋಡಬೇಕು.

ಪಕ್ಕೆಲುಬಿನ ಕೆಳಗಿನಿಂದ ತೊಡೆಸಂದಿಯ ಕಡೆಗೆ ಅಲೆಅಲೆಯಾಗಿ ಬರುವ, ಹೇಗೆ ಕೂತರೂ ಮಲಗಿದರೂ ತಡೆಯದ ನೋವು ಮೂತ್ರಪಿಂಡದ ಕಲ್ಲಿನದಾಗಿರಬಹುದು. ನಮ್ಮ ಬಿಸಿಲ ನಾಡಿನಲ್ಲಿ ನೀರು ಕಡಿಮೆ ಕುಡಿದು ದುಡಿಯುವವರಿಗೆ ಇದು ಹೊಸದಲ್ಲ.

ಸಂಜೆಯಾದರೆ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ವಾರಗಟ್ಟಲೆ ಹೋಗದ ಬೆನ್ನುನೋವು ಇದ್ದರೆ ಕ್ಷಯರೋಗದ ಪರೀಕ್ಷೆ ಆಗಲೇಬೇಕು. ಕ್ಷಯ ಶ್ವಾಸಕೋಶಕ್ಕೆ ಮಾತ್ರವಲ್ಲ, ಬೆನ್ನೆಲುಬಿಗೂ ಬರುತ್ತದೆ. ಇದರ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕುರಿ-ಆಡಿನ ವ್ಯಾಪಾರ ಮಾಡುವವರು, ಕಸಾಯಿ ಕೆಲಸದವರು, ಕಾಸದ ಹಾಲು ಕುಡಿಯುವವರು ಜ್ವರದ ಜೊತೆ ಟೊಂಕನೋವು ಬಂದರೆ ತಮ್ಮ ಕಸುಬನ್ನು ವೈದ್ಯರಿಗೆ ಬಿಡಿಸಿ ಹೇಳಬೇಕು. ಪಶುಗಳಿಂದ ಹರಡುವ ಬ್ರುಸೆಲ್ಲೋಸಿಸ್ ಎಂಬ ರೋಗ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಹೇಳದಿದ್ದರೆ ಅದು ವೈದ್ಯರ ಮನಸ್ಸಿಗೆ ಹೊಳೆಯದೇ ಹೋಗಬಹುದು.

ಮುಂಡರಗಿ ಸೀಮೆಯವರಿಗೆ ಒಂದು ವಿಶೇಷ ಮಾತು. ಆ ತಾಲ್ಲೂಕಿನ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮುಂದೆ ದೊಡ್ಡವರ ಬೆನ್ನು, ಕುತ್ತಿಗೆ, ಕೀಲುಗಳು ಬಿಗಿಯುತ್ತ ಹೋಗುತ್ತವೆ. ಇಂಥ ಬಿಗಿತ ಒಂದು ದಿನದ ಉಳುಕಲ್ಲ, ಮುಲಾಮು ಹಚ್ಚಿದರೆ ಹೋಗುವುದೂ ಅಲ್ಲ. ನೀರು ಕಾಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪಾಲು ಹೆಚ್ಚುತ್ತದೆ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ.

ಒಂದು ದಿನವೂ ಕಾಯಬಾರದ ಲಕ್ಷಣಗಳು

ಈ ಭಾಗವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ.

1. ಮೂತ್ರ ಕಟ್ಟಿಕೊಳ್ಳುವುದು, ಅಥವಾ ಮೂತ್ರ, ಮಲ ಗೊತ್ತಿಲ್ಲದೆ ಹೋಗುವುದು.
2. ತೊಡೆಸಂದಿ, ಗುಪ್ತಾಂಗ, ಗುದದ ಸುತ್ತ ಸ್ಪರ್ಶ ತಿಳಿಯದಂತೆ ಮರಗಟ್ಟುವುದು.
3. ಕಾಲು ಸೋಲುವುದು, ಪಾದ ಎತ್ತಲು ಆಗದೆ ಎಳೆಯುವುದು.
4. ಎತ್ತರದಿಂದ ಬಿದ್ದ ಅಥವಾ ಗಾಡಿ ಅಪಘಾತದ ನಂತರದ ನೋವು. ವಯಸ್ಸಾದವರು, ಬಹುಕಾಲ ಸ್ಟೀರಾಯ್ಡ್ ಗುಳಿಗೆ ನುಂಗಿದವರು ಸುಮ್ಮನೆ ಕುಸಿದು ಕೂತ ನಂತರದ ನೋವೂ ಇದರಲ್ಲಿ ಸೇರುತ್ತದೆ.
5. ಚಳಿಜ್ವರದೊಂದಿಗೆ ಬರುವ ತೀವ್ರ ಬೆನ್ನುನೋವು.
6. ಹಿಂದೆ ಕ್ಯಾನ್ಸರ್ ಆದವರಿಗೆ ಹೊಸದಾಗಿ ಬಂದ ಬೆನ್ನುನೋವು, ರಾತ್ರಿ ಮಲಗಿದರೂ ಒಂದಿಷ್ಟೂ ಇಳಿಯದ ನೋವು.

ಮೊದಲ ಮೂರು ಕಂಡರೆ ಬೆನ್ನೆಲುಬಿನ ಕೊನೆಯ ನರಗಳ ಕಟ್ಟು ಒತ್ತಿಹೋಗುತ್ತಿರಬಹುದು. ಆಗ ಗಂಟೆಗಳ ಲೆಕ್ಕ. ಒಂದೆರಡು ದಿನ ತಡವಾದರೂ ಮೂತ್ರದ ಹಿಡಿತ, ಕಾಲಿನ ಬಲ ಜೀವನಪೂರ್ತಿ ಹೋಗಬಹುದು. 108ಕ್ಕೆ ಕರೆ ಮಾಡಿ. ಗದಗಿನ ಜಿಮ್ಸ್ ಆಸ್ಪತ್ರೆಗೆ ಅಥವಾ ಹುಬ್ಬಳ್ಳಿಯ ಕಿಮ್ಸ್‌ಗೆ ತಡಮಾಡದೆ ಹೋಗಿ.

ಇಲ್ಲಿ ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳಬೇಕಾಗಿದೆ. ಮೂತ್ರದ ತೊಂದರೆ, ಗುಪ್ತ ಜಾಗ ಮರಗಟ್ಟುವುದು ಇವನ್ನು ನಾಚಿಕೆಯಿಂದ ಮುಚ್ಚಿಡುವವರಿದ್ದಾರೆ. ಹಯಾ ಈಮಾನಿನ ಭಾಗವೇ ಹೌದು, ಆದರೆ ಚಿಕಿತ್ಸೆಗಾಗಿ ವೈದ್ಯರ ಮುಂದೆ ತೊಂದರೆ ಹೇಳಿಕೊಳ್ಳುವುದು ಹಯಾಕ್ಕೆ ವಿರುದ್ಧವಲ್ಲ. ಗಂಡಂದಿರು, ಅತ್ತೆಯಂದಿರು ತಾವಾಗಿಯೇ ಕೇಳಬೇಕು.

ಮೊದಲ ಮೂರು ದಿನ

ಮೇಲಿನ ಲಕ್ಷಣಗಳಿಲ್ಲ ಎಂದಾದರೆ ಗಾಬರಿ ಬೇಡ. ಮೊದಲ ದಿನ, ಹೆಚ್ಚೆಂದರೆ ಎರಡು ದಿನ ಬೇಕೆನಿಸಿದಾಗ ಮಲಗಿ. ಅಂಗಾತ ಮಲಗಿ ಮೊಣಕಾಲಿನ ಕೆಳಗೆ ದಿಂಬು ಇಡಿ, ಅಥವಾ ಮಗ್ಗುಲಾಗಿ ಮಲಗಿ ಎರಡು ಮೊಣಕಾಲಿನ ನಡುವೆ ದಿಂಬು ಇಡಿ. ಏಳುವಾಗ ನೇರ ಏಳಬೇಡಿ. ಮಗ್ಗುಲಾಗಿ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಿ.

ಆಮೇಲೆ ಹಾಸಿಗೆ ಬಿಡಿ. "ಹದಿನೈದು ದಿನ ಅಲುಗಬೇಡ" ಎಂಬ ಹಳೆಯ ಸಲಹೆಯನ್ನು ವೈದ್ಯಶಾಸ್ತ್ರ ಬಿಟ್ಟು ವರ್ಷಗಳೇ ಆದವು. ಮಲಗಿಯೇ ಇದ್ದರೆ ಸ್ನಾಯು ಸೊರಗುತ್ತದೆ, ಬಿಗಿ ಹೆಚ್ಚುತ್ತದೆ, ಕೆಲಸಕ್ಕೆ ಮರಳುವುದು ತಡವಾಗುತ್ತದೆ. ಮನೆಯೊಳಗೆ ಐದು-ಹತ್ತು ನಿಮಿಷ ನಡೆಯಿರಿ, ದಿನಕ್ಕೆ ನಾಲ್ಕಾರು ಸಲ. ಮರುದಿನ ಮಸೀದಿಯವರೆಗೆ ನಡೆದು ಬನ್ನಿ. ನಡೆಯುವಾಗ ಸ್ವಲ್ಪ ನೋಯುವುದು ಹಾನಿಯ ಗುರುತಲ್ಲ.

ಕಾವು ಕೊಡುವುದು ಒಳ್ಳೆಯದು. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ಮೊದಲ ಒಂದೆರಡು ದಿನ ತಣ್ಣನೆಯದು ಹಿತವೆನಿಸಿದರೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಇಡಬಹುದು. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕಡಿಮೆಯಾದವರು ಸುಟ್ಟುಕೊಳ್ಳದಂತೆ ಮನೆಯವರು ನೋಡಿಕೊಳ್ಳಬೇಕು. ಎಣ್ಣೆ ಹಚ್ಚಿ ಮೃದುವಾಗಿ ಸವರುವುದರಿಂದ ಬಿಗಿ ಸಡಿಲವಾಗುತ್ತದೆ.

ಗುಳಿಗೆ, ಸೂಜಿ ಮತ್ತು ಸ್ಕ್ಯಾನ್

ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಗುಳಿಗೆಗಳು ನೋವು ತಗ್ಗಿಸುತ್ತವೆ, ಗಾಯ ಮಾಯಿಸುವುದು ದೇಹವೇ. ಈ ಗುಳಿಗೆಗಳು ಎಲ್ಲರಿಗೂ ಅಲ್ಲ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ಹೃದ್ರೋಗ, ಹೆಚ್ಚಿನ ಬಿ.ಪಿ. ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ನುಂಗಬಾರದು. ಖಾಲಿ ಹೊಟ್ಟೆಗೆ ಬೇಡ. ರಂಜಾನಿನಲ್ಲಿ ಸಹರಿ ಅಥವಾ ಇಫ್ತಾರ್‌ನ ಊಟದ ನಂತರ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಕಾಯಿಲೆಯವರಿಗೆ ರೋಜಾ ಮುಂದೂಡಲು ಶರೀಅತ್ ಅನುಮತಿ ಕೊಟ್ಟಿದೆ. ಎರಡು ಬಗೆಯ ನೋವಿನ ಗುಳಿಗೆ ಒಟ್ಟಿಗೆ ನುಂಗುವುದು, "ಸೂಜಿ ಮಾಡಿಸಿಕೊಂಡು" ಅದೇ ದಿನ ಚೀಲ ಹೊರುವುದು ಎರಡೂ ಅಪಾಯ. ನೋವು ಮುಚ್ಚಿದಾಗ ಗಾಯ ಗೊತ್ತಾಗುವುದಿಲ್ಲ. ಹೆಸರಿಲ್ಲದ ಪುಡಿ, ಪೊಟ್ಟಣದ ಗುಳಿಗೆಗಳನ್ನು ದೂರವಿಡಿ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು.

"ಎಂಆರ್‌ಐ ಮಾಡಿಸಿದರೆ ಮನಸ್ಸಿಗೆ ಸಮಾಧಾನ" ಎನ್ನುವವರಿಗೆ ಒಂದು ಸಂಗತಿ. ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನ್‌ಗಳ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, 20 ವರ್ಷದವರಲ್ಲೇ ಸುಮಾರು 100ಕ್ಕೆ 30 ಜನರಲ್ಲಿ, 80 ವರ್ಷದವರಲ್ಲಿ 84 ಜನರಲ್ಲಿ ಡಿಸ್ಕ್ ಉಬ್ಬಿರುವುದು ಕಂಡಿತು. ಅವರಿಗೆ ನೋವೇ ಇರಲಿಲ್ಲ. ಅಂದರೆ ರಿಪೋರ್ಟಿನಲ್ಲಿ ಬರೆದ ಉಬ್ಬು ಕೂದಲು ನರೆತಂತೆ ವಯಸ್ಸಿನ ಗುರುತೂ ಆಗಿರಬಹುದು. ಅದನ್ನು ಓದಿ "ನನ್ನ ಬೆನ್ನು ಮುಗಿಯಿತು" ಎಂದು ಎದೆಗುಂದಿ ಕೂತರೆ ನೋವು ಇನ್ನಷ್ಟು ದಿನ ಉಳಿಯುತ್ತದೆ. ಅಪಾಯದ ಲಕ್ಷಣವಿದ್ದರೆ, ಅಥವಾ ಆರು ವಾರವಾದರೂ ಇಳಿಯದಿದ್ದರೆ ಸ್ಕ್ಯಾನ್ ಬೇಕೇ ಎಂದು ವೈದ್ಯರೇ ಹೇಳುತ್ತಾರೆ.

ಬಿಡಬೇಕಾದ ರೂಢಿಗಳು

ಕಾಲು ಮುಂದಾಗಿ ಹುಟ್ಟಿದವರಿಂದ ಟೊಂಕಕ್ಕೆ ಒದೆಸಿಕೊಳ್ಳುವುದು, ಮಕ್ಕಳನ್ನು ಬೆನ್ನ ಮೇಲೆ ನಿಲ್ಲಿಸಿ ತುಳಿಸುವುದು, ಕಲಿಯದ ಕೈಯಿಂದ ಲಟಕ್ಕನೆ ತಿರುವಿಸಿಕೊಳ್ಳುವುದು ನಮ್ಮ ಕಡೆ ಇದೆ. ಹರಿದ ಎಳೆಯನ್ನು ತುಳಿದರೆ ಇನ್ನಷ್ಟು ಹರಿಯುತ್ತದೆ. ಎಲುಬು ಟೊಳ್ಳಾದ ವಯಸ್ಸಾದವರಲ್ಲಿ ಮಣಿಯೇ ಕುಸಿಯಬಹುದು. ಹಿಜಾಮಾ ಮಾಡಿಸುವವರು ಕಲಿತವರ ಬಳಿ, ಹೊಸ ಬ್ಲೇಡು ಬಳಸುವಲ್ಲಿ ಮಾತ್ರ ಮಾಡಿಸಿ. ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಹೋಗಬೇಡಿ.

ದಮ್ ಬಗ್ಗೆಯೂ ನೇರವಾಗಿ ಹೇಳುತ್ತೇವೆ. ದುಆ ಮೊಮಿನನ ಆಸರೆ. ಅದೇ ವೇಳೆ ಚಿಕಿತ್ಸೆ ಮಾಡಿಸಿಕೊಳ್ಳಿರಿ ಎಂದು ಪ್ರವಾದಿಯವರು (ಸ) ತಿಳಿಸಿದ್ದಾರೆ. ಕಾಲು ಮರಗಟ್ಟಿದವನನ್ನು ದಮ್‌ಗಾಗಿ ಮಸೀದಿಗೆ ಕರೆತರಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ, ದುಆ ನಾವು ಇಲ್ಲಿಂದಲೇ ಮಾಡುತ್ತೇವೆ.

ನಮಾಜ್ ಹೇಗೆ?

ನಿಂತು ಆಗದಿದ್ದರೆ ಕೂತು, ಕೂತೂ ಆಗದಿದ್ದರೆ ಮಲಗಿ ನಮಾಜ್ ಮಾಡುವ ಅನುಮತಿ ಹದೀಸಿನಿಂದಲೇ ಬಂದದ್ದು. ನೆಲಕ್ಕೆ ಹಣೆಯಿಡಲು ಆಗದವರು ಇಶಾರೆಯಿಂದ ರುಕೂ-ಸಜ್ದಾ ಮಾಡಬೇಕು. ಸಜ್ದಾದ ಇಶಾರೆಯಲ್ಲಿ ತಲೆ ರುಕೂಗಿಂತ ಸ್ವಲ್ಪ ಹೆಚ್ಚು ಬಾಗಿರಲಿ. ಹಣೆ ತಾಗಿಸಲೆಂದು ಮುಂದೆ ದಿಂಬು, ಸ್ಟೂಲು ಇಡುವ ಅಗತ್ಯವಿಲ್ಲ. ನೆಲದ ಮೇಲೆ ಕೂರಲು ಆಗುವವರು ನೆಲದ ಮೇಲೆ ಕೂರುವುದು ಉತ್ತಮ. ಏಳಲು-ಕೂರಲು ಕಷ್ಟವಾದವರು ಕುರ್ಚಿ ಬಳಸಲಿ, ಸಫ್‌ನ ತುದಿಯಲ್ಲಿ ಜಾಗ ಮಾಡಿಕೊಳ್ಳಲಿ. ವುಜೂಗೆ ನಲ್ಲಿಯ ಮುಂದೆ ಬಗ್ಗಿ ನಿಲ್ಲುವ ಬದಲು ಎತ್ತರದ ಕಟ್ಟೆಯ ಮೇಲೆ ಕೂರಿ.

ಇಪ್ಪತ್ತೈದು ವರ್ಷದ ಹುಡುಗ ಕುರ್ಚಿಯ ಮೇಲೆ ಕೂತರೆ ನಗುವವರು ಇದ್ದಾರೆ. ಆ ನಗುವಿಗೆ ಹೆದರಿ ಬಲವಂತವಾಗಿ ಬಗ್ಗಿ ನೋವು ಹೆಚ್ಚಿಸಿಕೊಂಡವರೂ ಇದ್ದಾರೆ. ಅವನ ಟೊಂಕದೊಳಗಿನ ನೋವು ನಮಗೆ ಕಾಣುವುದಿಲ್ಲ, ಹಾಗಾಗಿ ನಗುವ ಹಕ್ಕೂ ನಮಗಿಲ್ಲ. ನೋವು ಇಳಿದ ಮೇಲೆ ಮಾತ್ರ ರುಖ್ಸತ್ತನ್ನು ಅಭ್ಯಾಸ ಮಾಡಿಕೊಳ್ಳಬಾರದು. ಮೊದಲು ರುಕೂ, ಬಳಿಕ ಕೈಯೂರಿ ಸಜ್ದಾ, ಹೀಗೆ ಆಗುವಷ್ಟಕ್ಕೆ ಮರಳಿ ಬನ್ನಿ.

ಕೆಲಸಕ್ಕೆ ಮರಳುವುದು

ಬಹುಪಾಲು ಜನರಲ್ಲಿ ಎರಡರಿಂದ ಆರು ವಾರದೊಳಗೆ ನೋವು ಬಹಳಷ್ಟು ಇಳಿಯುತ್ತದೆ. ಪೂರ್ತಿ ಮಾಯುವವರೆಗೆ ಮನೆಯಲ್ಲೇ ಕೂರಬೇಕಾಗಿಲ್ಲ. ಹಗುರ ಕೆಲಸದಿಂದ ಆರಂಭಿಸಿ. ಚೀಲ ಹೊರುವವರು ಒಂದೆರಡು ವಾರ ಹೊಲಿಗೆ, ತೂಕ, ಲೆಕ್ಕದ ಕೆಲಸ ಕೇಳಿಕೊಳ್ಳಲಿ. ದುಕಾನು, ಅಡತಿ ಇಟ್ಟುಕೊಂಡ ನಮ್ಮ ಬಾಂಧವರಿಗೆ ಇಲ್ಲಿ ಜವಾಬ್ದಾರಿ ಇದೆ. ಟೊಂಕ ಹಿಡಿದ ಆಳಿಗೆ ಎರಡು ವಾರ ಹಗುರ ಕೆಲಸ ಕೊಟ್ಟರೆ ಅವನ ಮನೆಯೂ ನಡೆಯುತ್ತದೆ, ನಿಮಗೆ ಅನುಭವಿ ಕೈಯೂ ಉಳಿಯುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದು ಎಂದು ಶಿಫಾರಸು ಮಾಡಿದೆ. ಕೆಲಸದಾಳಿನ ಮೇಲೆ ಶಕ್ತಿ ಮೀರಿದ ಹೊರೆ ಹೊರಿಸಬಾರದು, ಹೊರಿಸಿದರೆ ನೀವೂ ಕೈಜೋಡಿಸಿ ಎಂಬುದು ಪ್ರವಾದಿಯವರ (ಸ) ಬೋಧನೆ.

ಮತ್ತೆ ಹಿಡಿಯದಂತೆ ಇಷ್ಟು ರೂಢಿ ಮಾಡಿಕೊಳ್ಳಿ. ಎತ್ತುವ ಮೊದಲು ಅಲುಗಿಸಿ ತೂಕ ನೋಡಿ. ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ವಸ್ತುವನ್ನು ಮೈಗೆ ಒತ್ತಿ ಹಿಡಿದು ಏಳಿ. ಭಾರ ಹಿಡಿದಾಗ ಟೊಂಕ ತಿರುಗಿಸದೆ ಪಾದವನ್ನೇ ತಿರುಗಿಸಿ. ದೇಗ್, ಸಿಲಿಂಡರ್, ಕಪಾಟು ಇಬ್ಬರ ಕೆಲಸ. ಒಂದೇ ದೊಡ್ಡ ಕೊಡದ ಬದಲು ಎರಡು ಸಣ್ಣ ಕೊಡ ಎರಡೂ ಕೈಯಲ್ಲಿ. ಉದ್ದ ಹಿಡಿಯ ಕಸಬರಿಗೆ. ಮಗ್ಗ, ಹೊಲಿಗೆ ಯಂತ್ರದ ಮುಂದೆ ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ. ರಾತ್ರಿಯ ನಿದ್ದೆಯಲ್ಲಿ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಆದ್ದರಿಂದ ಎದ್ದ ಮೊದಲ ಒಂದು ತಾಸಿನಲ್ಲಿ ಆಳವಾಗಿ ಬಗ್ಗಿ ಭಾರ ಎತ್ತಬೇಡಿ. ಫಜ್ರ್‌ ಮುಗಿಸಿ ಒಂದಿಷ್ಟು ನಡೆದು ಆಮೇಲೆ ಪೇಟೆಗೆ ಹೋಗಿ.

ನೋವು ಇಳಿದ ಬಳಿಕ ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನು ಎದೆಗೆ ಎಳೆದುಕೊಳ್ಳುವುದು, ಮೊಣಕಾಲು ಮಡಿಚಿ ಸೊಂಟ ಮೇಲೆತ್ತಿ ಐದು ಎಣಿಕೆ ಹಿಡಿಯುವುದು, ಹತ್ತತ್ತು ಸಲ, ದಿನಕ್ಕೆ ಎರಡು ಹೊತ್ತು ಮಾಡಿ. ಜೊತೆಗೆ ದಿನವೂ ಅರ್ಧ ತಾಸು ನಡಿಗೆ. ಬೀಡಿ-ಸಿಗರೇಟು ಬಿಡಿ, ಧೂಮಪಾನಿಗಳಲ್ಲಿ ಬೆನ್ನುನೋವು ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಟೊಂಕನೋವಿತ್ತು. ಹೀಗಾಗಿ ಟೊಂಕ ಹಿಡಿದವರು ತಾವೊಬ್ಬರೇ ಎಂದುಕೊಳ್ಳಬೇಕಾಗಿಲ್ಲ, ಇದು ಯಾವ ಪಾಪದ ಶಿಕ್ಷೆ ಎಂದೂ ಕೊರಗಬೇಕಾಗಿಲ್ಲ. ದೇಹ ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತು. ಅದು ನೋವಿನಿಂದ ಮಾತಾಡಿದಾಗ ಕೇಳಿಸಿಕೊಳ್ಳುವುದೂ ಅಮಾನತನ್ನು ಕಾಯುವ ರೀತಿಯೇ. ಹೊರೆ ಹೊರುವ ಎಲ್ಲ ಕೈಗಳಿಗೆ, ಎಲ್ಲ ಬೆನ್ನುಗಳಿಗೆ ಅಲ್ಲಾಹನು ಆಫಿಯತ್ ಕರುಣಿಸಲಿ. ಆಮೀನ್.